ಕೆನ್ನೆಯ ಬಿಳಿ ಮಚ್ಚೆಗೆ ‘ಜೀನ್ ಸ್ವಿಚ್’ ಪುಡಿ ಕೊಡಬಹುದೇ? ಓದುಗರ ಪ್ರಶ್ನೆಗಳಿಗೆ ಬಾಯಿಯ ರೋಗಶಾಸ್ತ್ರಜ್ಞೆಯ ಉತ್ತರ

ಬಾಯಿ ಕ್ಯಾನ್ಸರಿನ ಬಗ್ಗೆ ಈ ಅಂಕಣದಲ್ಲಿ ಮೊದಲೂ ಬರೆದಿದ್ದೇನೆ. ಮತ್ತೆ ಬರೆಯಬೇಕಾಗಿ ಬಂದದ್ದು ಕಾಸರಗೋಡಿನ ಕನ್ನಡ ಊರುಗಳಿಂದ ಪದೇ ಪದೇ ಬರುತ್ತಿರುವ ಒಂದು ಪ್ರಶ್ನೆಯ ಕಾರಣಕ್ಕೆ. ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಉಪ್ಪಳದ ಪತ್ರಗಳಲ್ಲಿ ಈಗ ‘ಎಪಿಜೆನೆಟಿಕ್’ (ಜೀನಿನ ಅಕ್ಷರ ಬದಲಾಗದೆ ಅದರ ಕೆಲಸ ಮಾತ್ರ ಆನ್, ಆಫ್ ಆಗುವುದು) ಎಂಬ ಮಾತು ಸೇರಿಕೊಂಡಿದೆ, ಅದರ ಬೆನ್ನಿಗೇ ಒಂದು ಪುಡಿಯೋ ಎಣ್ಣೆಯೋ ಇರುತ್ತದೆ. ಜೀವವಿಜ್ಞಾನದ ಒಂದು ಸೊಗಸಾದ ಅಧ್ಯಾಯವನ್ನು ಹೀಗೆ ಮದ್ದು ಮಾರಲು ಬಳಸುವುದನ್ನು ಕಂಡು ನನಗೆ ಸುಮ್ಮನಿರಲು ಆಗುವುದಿಲ್ಲ. ಜೀವಕೋಶ ಏನು, ಡಿಎನ್‌ಎ ಏನು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಮನೆಯಲ್ಲಿ ಹತ್ತನೇ ತರಗತಿಯ ಮಕ್ಕಳಿದ್ದರೆ ಅವರ ಪುಸ್ತಕ ತೆರೆದು ನೋಡಿ. ಹೊಗೆಸೊಪ್ಪು ಕಡಿಮೆ ಮಾಡಿದರೆ ಸಾಕೇ ಎಂದು ಕೇಳಿದವರೆಲ್ಲರಿಗೂ ಒಂದೇ ಉತ್ತರ: ಸಾಲದು, ಪೂರ್ತಿ ಬಿಡಬೇಕು.

ಪ್ರಶ್ನೆ: ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಕೆದಕಿದಂತಾಗಿ ಹರಡುತ್ತದಂತೆ, ಹೌದೇ? (ಕುಂಬಳೆ)

ಇಲ್ಲ. ಬಯಾಪ್ಸಿ ಮಾಡಿಸದೆ ಬಿಟ್ಟ ಕ್ಯಾನ್ಸರ್ ಹರಡುತ್ತದೆ.

ಪ್ರಶ್ನೆ: ನಮ್ಮ ಅಜ್ಜಿ ಎಂಬತ್ತು ದಾಟುವವರೆಗೂ ಹೊಗೆಸೊಪ್ಪು ಹಾಕಿ ಎಲೆ ತಿನ್ನುತ್ತಿದ್ದರು. ಅವರಿಗೆ ಏನೂ ಆಗಲಿಲ್ಲವಲ್ಲ? (ಬಾಯಾರು)

ಅವರಿಗೆ ಆಗಲಿಲ್ಲ ಎಂಬುದು ನಿಮಗೆ ರಕ್ಷೆಯಲ್ಲ. ಅವರ ಹಾಗೆಯೇ ತಿಂದು ಅರುವತ್ತಕ್ಕೆ ಮೊದಲೇ ಹೋದವರ ಮನೆಗಳು ನಿಮ್ಮ ಊರಿನಲ್ಲೇ ಇರುತ್ತವೆ, ಅಲ್ಲಿಯೂ ಕೇಳಿ ನೋಡಿ.

ಪ್ರಶ್ನೆ: ಅಪ್ಪನಿಗೆ 61 ವರ್ಷ. ಎಡ ಕೆನ್ನೆಯ ಒಳಗೆ ಬಿಳಿ ಮಚ್ಚೆ ಉಂಟು, ನಡುವೆ ಅಲ್ಲಲ್ಲಿ ಕೆಂಪು. ಹಲ್ಲಿನ ಡಾಕ್ಟ್ರು ತುಂಡು ತೆಗೆದು ಪರೀಕ್ಷೆಗೆ ಕಳಿಸಬೇಕು ಅಂದರು. ಅಪ್ಪ ಹೆದರಿ ಕೂತಿದ್ದಾರೆ. ಅಣ್ಣ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಕ್ಯಾನ್ಸರ್ ಬರುವುದು ಜೀನ್ ಹಾಳಾಗಿ ಅಲ್ಲ, ಕ್ರೊಮಾಟಿನ್ ಬಿಗಿಯಾಗಿ ಜೀನ್‌ನ ಸ್ವಿಚ್ ಆಫ್ ಆಗುವುದರಿಂದ, ಅದನ್ನು ಬಿಡಿಸಿದರೆ ಪುನಃ ಆನ್ ಆಗುತ್ತದೆ ಎನ್ನುತ್ತಾರೆ ಅದರಲ್ಲಿ. ಅರಸಿನದಿಂದ ತಯಾರಿಸಿದ ಪುಡಿಯನ್ನು ಮೂರು ತಿಂಗಳು ತೆಗೆದುಕೊಳ್ಳಬೇಕಂತೆ. ಅಪ್ಪ ಎರಡು ತಿಂಗಳಿಂದ ಹೊಗೆಸೊಪ್ಪು ಬಿಟ್ಟಿದ್ದಾರೆ. ಪುಡಿ ಕೊಟ್ಟು ನೋಡಿ ಆಮೇಲೆ ಬಯಾಪ್ಸಿ ಮಾಡಿಸಿದರೆ ಆಗದೇ ಡಾಕ್ಟ್ರೇ? (ಬದಿಯಡ್ಕ ಸಮೀಪದಿಂದ)

ಆಗದು. ಈ ವಾರವೇ ಮಾಡಿಸಿ. ಬರೀ ಬಿಳಿ ಮಚ್ಚೆಗಿಂತ ಬಿಳಿಯ ನಡುವೆ ಕೆಂಪು ಇರುವ ಮಚ್ಚೆಗೆ ನಾನು ಹೆಚ್ಚು ಹೆದರುತ್ತೇನೆ, ಕ್ಯಾನ್ಸರಿಗೆ ತಿರುಗುವ ಅಪಾಯ ಅದಕ್ಕೆ ಹೆಚ್ಚು. ಉಳಿದದ್ದನ್ನು ಅಪ್ಪನನ್ನು ಕರೆದುಕೊಂಡು ಹೋಗಿ ಬಂದ ಮೇಲೆ ಓದಿದರೂ ನಡೆಯುತ್ತದೆ.

ಇಷ್ಟು ಉದ್ದ ಉತ್ತರ ಬರೆಯುತ್ತಿರುವುದು ನಿಮ್ಮ ಅಣ್ಣನಿಗಾಗಿ. ಅವರು ನೋಡಿದ ವಿಡಿಯೊದಲ್ಲಿ ಸ್ವಲ್ಪ ನಿಜ ಇದೆ, ಆ ನಿಜದ ಬಲದಿಂದಲೇ ಸುಳ್ಳು ಮಾರಾಟವಾಗುತ್ತದೆ. ಆದ್ದರಿಂದ ನಿಜ ಎಷ್ಟು ಎಂಬುದನ್ನು ಮೊದಲು ಹೇಳುತ್ತೇನೆ.

ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇದೆ. ಅದನ್ನು ಹಿಡಿಸಿಕೊಳ್ಳುವ ಕೋಶಕೇಂದ್ರದ ಅಗಲ ಒಂದು ಮಿಲಿಮೀಟರಿನ ನೂರನೇ ಒಂದು ಪಾಲಿನ ಆಸುಪಾಸು. ಹಿಸ್ಟೋನ್ ಎಂಬ ಪ್ರೋಟೀನುಗಳು ಎಂಟು ಸೇರಿ ಒಂದು ಉಂಡೆಯಾಗುತ್ತವೆ, ಅದರ ಮೇಲೆ ಡಿಎನ್‌ಎಯ 147 ಅಕ್ಷರಜೋಡಿಗಳು ಸುತ್ತಿಕೊಳ್ಳುತ್ತವೆ. ಇದು ನ್ಯೂಕ್ಲಿಯೋಸೋಮ್. ಇಂಥವು ಕೋಟಿಗಟ್ಟಲೆ ಸಾಲಾಗಿ, ಮಡಚಿ, ಒತ್ತಿ ಕೂತದ್ದೇ ಕ್ರೊಮಾಟಿನ್. ಬಾವಿಯ ಹಗ್ಗವನ್ನು ಬಿಗಿಯಾಗಿ ಸುರುಳಿ ಸುತ್ತಿಟ್ಟರೆ ಒಳಸುತ್ತು ಕೈಗೆ ಸಿಗುವುದಿಲ್ಲ. ಬಿಗಿಯಾಗಿ ಸುತ್ತಿದ ಜಾಗದಲ್ಲಿರುವ ಜೀನನ್ನು ಕೋಶ ಓದಲಾರದು, ಸಡಿಲವಾದ ಜಾಗದಲ್ಲಿರುವುದನ್ನು ಓದುತ್ತದೆ. ಕೆನ್ನೆಯ ಕೋಶ ಮತ್ತು ಲಿವರಿನ ಕೋಶ ಒಂದೇ ಡಿಎನ್‌ಎ ಇಟ್ಟುಕೊಂಡು ಬೇರೆ ಬೇರೆ ಕೆಲಸ ಮಾಡುವುದು ಬಹುಪಾಲು ಇದರಿಂದಲೇ.

ಈ ಬಿಗಿ ಮತ್ತು ಸಡಿಲ ಹೊತ್ತುಹೊತ್ತಿಗೂ ಬದಲಾಗುತ್ತಿರುತ್ತದೆ. ಪಿ300 ಎಂಬ ಕಿಣ್ವ ಹಿಸ್ಟೋನಿನ ಬಾಲಕ್ಕೆ ಅಸಿಟೈಲ್ ಗುಂಪು ಎಂಬ ಪುಟ್ಟ ರಾಸಾಯನಿಕ ತುಣುಕನ್ನು ಅಂಟಿಸಿದರೆ ಡಿಎನ್‌ಎಯ ಮೇಲಿನ ಹಿಡಿತ ಸಡಿಲವಾಗುತ್ತದೆ. ಎಚ್‌ಡ್ಯಾಕ್ ಎಂಬ ಕಿಣ್ವಗಳು ಆ ಗುಂಪನ್ನು ಕಳಚಿದರೆ ಮತ್ತೆ ಬಿಗಿಯುತ್ತದೆ. ಇಝಡ್‌ಎಚ್2 ಎಂಬ ಕಿಣ್ವ ಹಿಸ್ಟೋನಿಗೆ ಮಿಥೈಲ್ ಗುಂಪು ಎಂಬ ಇನ್ನೊಂದು ಬಗೆಯ ತುಣುಕುಗಳನ್ನು ಸೇರಿಸಿ ಜೀನುಗಳನ್ನು ಮೌನಗೊಳಿಸುತ್ತದೆ. ಸ್ವಿಚ್-ಸ್ನಿಫ್ ಎಂಬ ಪ್ರೋಟೀನುಗಳ ದೊಡ್ಡ ಕೂಟವೊಂದು ಕೋಶದ ಇಂಧನವಾದ ಎಟಿಪಿಯ ಶಕ್ತಿ ಖರ್ಚು ಮಾಡಿ ಆ ಉಂಡೆಗಳನ್ನೇ ಆಚೀಚೆ ಸರಿಸುತ್ತದೆ, ಬೇಕಾದರೆ ಕಿತ್ತೂ ಹಾಕುತ್ತದೆ. ಕ್ರೊಮಾಟಿನ್ ಮರುಜೋಡಣೆ ಅಂದರೆ ಈ ಎಲ್ಲ ಕೆಲಸ.

ಬಾಯಿ ಕ್ಯಾನ್ಸರಿನಲ್ಲಿ ಇದು ಕೆಡುತ್ತದೆ ಎಂಬಲ್ಲಿಯವರೆಗೆ ವಿಡಿಯೊ ಸರಿ. ಕೋಶ ಅಡ್ಡಾದಿಡ್ಡಿ ಇಬ್ಭಾಗವಾಗದಂತೆ ತಡೆಯುವ ಪಿ16 ಎಂಬ ಜೀನು ಎಷ್ಟೋ ಬಾಯಿ ಕ್ಯಾನ್ಸರುಗಳಲ್ಲಿ ಮಿಥೈಲ್ ಗುಂಪುಗಳು ಕೂತು ಮೌನವಾಗಿರುತ್ತದೆ. ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಇ-ಕ್ಯಾಡ್ಹೆರಿನ್ ಮೌನವಾದರೆ ಅವು ಕಳಚಿಕೊಂಡು ಕೆಳಗಿನ ಪದರಕ್ಕೆ ಇಳಿಯುತ್ತವೆ. ಇಝಡ್‌ಎಚ್2 ಅತಿಯಾಗಿ ತಯಾರಾಗುವುದನ್ನೂ ಈ ಕ್ಯಾನ್ಸರಿನಲ್ಲಿ ಕಂಡಿದ್ದಾರೆ.

ಆದರೆ ಕೆಡುವುದು ಒಂದೇ ದಿಕ್ಕಿನಲ್ಲಿ ಅಲ್ಲ, ವಿಡಿಯೊದವರು ಮುಚ್ಚಿಟ್ಟದ್ದು ಅದನ್ನೇ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ 2010ರಲ್ಲಿ ಪ್ರಕಟಿಸಿದ ಕೆಲಸ ನೋಡಿ. ಬಾಯಿ ಕ್ಯಾನ್ಸರಿನ ರೋಗಿಗಳ ಅಂಗಾಂಶದಲ್ಲಿ ಹಿಸ್ಟೋನುಗಳಿಗೆ ಅಸಿಟೈಲ್ ಗುಂಪುಗಳು ಅಗತ್ಯಕ್ಕಿಂತ ಹೆಚ್ಚು ಅಂಟಿಕೊಂಡಿದ್ದವು. ಅಂದರೆ ಅಲ್ಲಿ ಕ್ರೊಮಾಟಿನ್ ಸಡಿಲವಾಗಿ, ಸುಮ್ಮನಿರಬೇಕಾದ ಜೀನುಗಳಿಗೆ ದಾರಿಯಾಗಿತ್ತು. ಅದರ ಹಿಂದೆ ಇದ್ದದ್ದು ನೈಟ್ರಿಕ್ ಆಕ್ಸೈಡ್, ಅದರಿಂದ ಚುರುಕಾದ ಪಿ300. ಉರಿಯೂತವಿದ್ದಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚು ಹುಟ್ಟುತ್ತದೆ. ಸುಣ್ಣ, ಅಡಿಕೆ, ಹೊಗೆಸೊಪ್ಪು ಸೇರಿದ ಉಂಡೆಯನ್ನು ವರ್ಷಾನುಗಟ್ಟಲೆ ಒಂದೇ ಕೆನ್ನೆಯಲ್ಲಿ ಒತ್ತಿಟ್ಟುಕೊಂಡ ಜಾಗದಲ್ಲಿ ಉರಿಯೂತ ಆರುವುದೇ ಇಲ್ಲ. ಹೀಗೆ ಒಂದೇ ಕೋಶದಲ್ಲಿ ತೆರೆದಿರಬೇಕಾದ ಜಾಗ ಮುಚ್ಚಿರುತ್ತದೆ, ಮುಚ್ಚಿರಬೇಕಾದ ಜಾಗ ತೆರೆದಿರುತ್ತದೆ. ಎಲ್ಲವನ್ನೂ ಒಟ್ಟಿಗೆ ‘ಬಿಡಿಸುವ’ ಮದ್ದು ಇದ್ದರೂ ಅದು ಯಾವುದನ್ನು ಬಿಡಿಸಬೇಕೆಂದು ಹೇಗೆ ತಿಳಿದೀತು?

ಈಗ ಅರಸಿನದ ವಿಷಯ. ಅದೇ ಬೆಂಗಳೂರಿನ ತಂಡ 2004ರಲ್ಲಿ ಅರಸಿನದ ಕರ್ಕ್ಯುಮಿನ್ ಪಿ300 ಕಿಣ್ವವನ್ನು ತಡೆಯುತ್ತದೆ ಎಂದು ತೋರಿಸಿತ್ತು. ಪಿ300 ಕ್ರೊಮಾಟಿನನ್ನು ಸಡಿಲಗೊಳಿಸುವ ಕಿಣ್ವ ಎಂಬುದನ್ನು ನೆನಪಿಡಿ. ಹಾಗಾದರೆ ಕರ್ಕ್ಯುಮಿನ್ ಮಾಡಿದ್ದು ವಿಡಿಯೊ ಹೇಳುವುದಕ್ಕೆ ನೇರ ವಿರುದ್ಧವಾದ ಕೆಲಸ. ಪುಡಿ ಮಾರುವವರು ತಾವು ಆಧಾರವೆಂದು ತೋರಿಸುವ ವಿಜ್ಞಾನವನ್ನು ಓದಿಯೇ ಇಲ್ಲ. ಇನ್ನೂ ಒಂದು ಮಾತು. ಕರ್ಕ್ಯುಮಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಹೊಟ್ಟೆಗೆ ಹೋದರೆ ರಕ್ತಕ್ಕೆ ಸೇರುವುದು ಅತ್ಯಲ್ಪ. ಆದ್ದರಿಂದಲೇ 2010ರ ಪ್ರಯೋಗದಲ್ಲಿ ಅದರ ರಚನೆಯನ್ನೇ ಬದಲಿಸಿ, ನೀರಿನಲ್ಲಿ ಕರಗುವ ಬೇರೆ ಅಣುವನ್ನು ತಯಾರಿಸಿ ಬಳಸಿದರು. ಅದು ಇಲಿಗಳಲ್ಲಿ ಬೆಳೆಸಿದ ಗಡ್ಡೆಯನ್ನು ಕುಗ್ಗಿಸಿತು. ಅದು ಒಳ್ಳೆಯ ಸಂಶೋಧನೆ, ನನಗೆ ಅದರ ಬಗ್ಗೆ ಗೌರವ ಇದೆ. ಇಲಿಯಿಂದ ಮನುಷ್ಯನವರೆಗಿನ ದಾರಿಯಲ್ಲಿ ಸೋತುಹೋದ ಅಣುಗಳು ಸಾವಿರಾರು. ನಿಮ್ಮ ಸಾರಿನ ಅರಸಿನಕ್ಕೆ ನನ್ನ ಆಕ್ಷೇಪವಿಲ್ಲ. ಮದ್ದೆಂದು ಗಟ್ಟಿ ಮಾಡಿದ ಅರಸಿನ, ಅದರಲ್ಲೂ ಕರಿಮೆಣಸಿನ ಸತ್ವ ಸೇರಿಸಿದ್ದನ್ನು ತೆಗೆದುಕೊಂಡು ಲಿವರ್ ಕೆಡಿಸಿಕೊಂಡವರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ‘ಕ್ಯಾನ್ಸರ್ ಬರುವುದು ಜೀನ್ ಹಾಳಾಗಿ ಅಲ್ಲ’ ಎಂಬ ಮಾತೇ ಸುಳ್ಳು. ಪಿ16 ಜೀನು ಎಲ್ಲರಲ್ಲೂ ಮುಚ್ಚಿಯೇ ಕೆಡುವುದಲ್ಲ. ಬಹಳ ಮಂದಿಯಲ್ಲಿ 9ನೇ ಕ್ರೋಮೋಸೋಮಿನ ಆ ತುಂಡೇ ಕಳಚಿಹೋಗಿರುತ್ತದೆ, ಎಷ್ಟೋ ಸಲ ಬಿಳಿ ಮಚ್ಚೆಯ ಹಂತದಲ್ಲೇ. ಇಲ್ಲದ ಜೀನನ್ನು ಯಾರೂ ತೆರೆಯಲಾರರು. ಕ್ರೊಮಾಟಿನನ್ನು ನಿಭಾಯಿಸುವ ಪ್ರೋಟೀನುಗಳ ಜೀನುಗಳೂ ಮುರಿಯುತ್ತವೆ. ನಮ್ಮ ದೇಶದ್ದೇ ಆದ, ಎಲೆ–ಅಡಿಕೆ–ತಂಬಾಕಿನಿಂದ ಬರುವ ಕೆನ್ನೆ ಮತ್ತು ವಸಡಿನ ಕ್ಯಾನ್ಸರಿನ ಜೀನುಗಳನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಜಿನೋಮ್ ಒಕ್ಕೂಟದ ಭಾರತೀಯ ತಂಡ 2013ರಲ್ಲಿ ಓದಿ ಪ್ರಕಟಿಸಿತು. ಆವರೆಗೆ ಈ ಕ್ಯಾನ್ಸರಿನ ಪಟ್ಟಿಯಲ್ಲಿ ಇಲ್ಲದ ಐದು ಜೀನುಗಳು ಅದರಲ್ಲಿ ಸಿಕ್ಕವು. ಅವುಗಳಲ್ಲಿ ಎಆರ್‌ಐಡಿ2 ಎಂಬುದು ಸ್ವಿಚ್-ಸ್ನಿಫ್ ಕೂಟದ್ದೇ ಒಂದು ಭಾಗ, ಎಂಎಲ್‌ಎಲ್4 ಎಂಬುದು ಹಿಸ್ಟೋನಿಗೆ ಮಿಥೈಲ್ ಅಂಟಿಸುವ ಕಿಣ್ವ. ನನಗೆ ಈ ಕೆಲಸ ಬಹಳ ಮುಖ್ಯವಾಗಿ ಕಾಣುತ್ತದೆ. ಕ್ರೊಮಾಟಿನನ್ನು ಜೋಡಿಸಬೇಕಾದ ಪ್ರೋಟೀನೇ ಡಿಎನ್‌ಎಯ ತಪ್ಪಿನಿಂದ ಕೆಟ್ಟಿರುವಾಗ ಜೀನಿನ ಹಾನಿ ಬೇರೆ, ಸ್ವಿಚ್ಚಿನ ಹಾನಿ ಬೇರೆ ಎಂದು ಗೆರೆ ಎಳೆಯುವುದು ಎಲ್ಲಿ?

ಕ್ರೊಮಾಟಿನ್ ಮೇಲೆ ಕೆಲಸ ಮಾಡುವ ನಿಜವಾದ ಮದ್ದುಗಳು ಇವೆ. ಎಚ್‌ಡ್ಯಾಕ್ ಕಿಣ್ವಗಳನ್ನು ತಡೆಯುವ ವೊರಿನೋಸ್ಟ್ಯಾಟ್ 2006ರಲ್ಲಿ ಅಮೆರಿಕದಲ್ಲಿ ಚರ್ಮದಲ್ಲಿ ಕಾಣಿಸುವ ಲಿಂಫೋಮಾ ಎಂಬ ಒಂದು ಬಗೆಯ ಬಿಳಿರಕ್ತಕೋಶಗಳ ಕ್ಯಾನ್ಸರಿಗೆ ಅನುಮತಿ ಪಡೆಯಿತು. ಡಿಎನ್‌ಎಯ ಮಿಥೈಲ್ ಗುರುತುಗಳನ್ನು ಕಡಿಮೆ ಮಾಡುವ ಅಜಾಸಿಟಿಡಿನ್ 2004ರಿಂದ ಅಸ್ಥಿಮಜ್ಜೆಯ ಕಾಯಿಲೆಗೆ ಬಳಕೆಯಲ್ಲಿದೆ. ರಕ್ತದ ಪ್ಲೇಟ್‌ಲೆಟ್ ಇಳಿಸಬಲ್ಲ ಇಂಥ ಮದ್ದುಗಳನ್ನು ಕೊಡುವಾಗ ರಕ್ತ ಪರೀಕ್ಷೆ ಮಾಡುತ್ತಲೇ ಇರಬೇಕು. ಬಾಯಿ ಕ್ಯಾನ್ಸರಿಗೆ ಈ ಬಗೆಯ ಯಾವ ಮದ್ದೂ ರೂಢಿಯ ಚಿಕಿತ್ಸೆಯಾಗಿಲ್ಲ. ದೊಡ್ಡ ದೊಡ್ಡ ಪ್ರಯೋಗಶಾಲೆಗಳಿಗೆ ಇನ್ನೂ ಒಲಿಯದ್ದು ಕೊರಿಯರಿನಲ್ಲಿ ಬರುವ ಡಬ್ಬಿಗೆ ಒಲಿದಿದೆ ಎಂದು ನಂಬಬೇಡಿ. ಅದನ್ನು ಮಾರುವವನು ರೋಗಿಯ ಬಾಯಿಯೊಳಗೆ ಒಂದು ಸಲವೂ ಟಾರ್ಚು ಹಿಡಿದು ನೋಡಿಲ್ಲ. ಅದು ನನಗೆ ಅತ್ಯಂತ ಕೋಪ ತರಿಸುವ ಸಂಗತಿ.

ಅಪ್ಪ ಹೊಗೆಸೊಪ್ಪು ಬಿಟ್ಟದ್ದು ದೊಡ್ಡ ಕೆಲಸ. ಮನೆಯವರೆಲ್ಲ ಅವರನ್ನು ಮೆಚ್ಚಿ, ಬೆನ್ನಿಗೆ ನಿಲ್ಲಿ. ಬಿಟ್ಟವರಲ್ಲಿ ಕೆಲವು ಬಿಳಿ ಮಚ್ಚೆಗಳು ತೆಳುವಾಗುತ್ತವೆ, ಕೆಲವು ಮಾಯವಾಗುವುದೂ ಉಂಟು. ಆದರೆ ಡಿಎನ್‌ಎಯಲ್ಲಿ ಆದ ತಪ್ಪು ಎರಡು ತಿಂಗಳಲ್ಲಿ ಅಳಿಸಿಹೋಗುವುದಿಲ್ಲ. ಕ್ರೊಮಾಟಿನಿನ ಗುರುತುಗಳೂ ಕೋಶ ಎರಡಾದಾಗ ಮರಿಕೋಶಗಳಿಗೆ ದಾಟುತ್ತವೆ. ವರ್ಷಗಟ್ಟಲೆ ಎಲೆ ತಿಂದವರ ಕೆನ್ನೆಯಲ್ಲಿ ಮಚ್ಚೆಯ ಆಚೆ ನೋಡಲು ಆರೋಗ್ಯವಾಗಿರುವ ಚರ್ಮದಲ್ಲೂ ಬದಲಾದ ಕೋಶಗಳಿರಬಹುದು. ಬಿಟ್ಟ ಮೇಲೆ ಅಪಾಯ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, ಆದರೂ ಪರೀಕ್ಷೆ ಮುಂದುವರಿಯಬೇಕು.

ಬಯಾಪ್ಸಿ ಏನು ಹೇಳುತ್ತದೆ ಎಂದರೆ, ನಾನು ದಿನವೂ ಸೂಕ್ಷ್ಮದರ್ಶಕದಲ್ಲಿ ನೋಡುವುದು ಈ ಕ್ರೊಮಾಟಿನನ್ನೇ. ಹಿಮಟಾಕ್ಸಿಲಿನ್ ಎಂಬ ಬಣ್ಣ ಹಿಡಿಸಿದಾಗ ಕೋಶಕೇಂದ್ರ ನೀಲಿಯಾಗಿ ಕಾಣುತ್ತದೆ. ಆರೋಗ್ಯವಂತ ಕೆನ್ನೆಯಲ್ಲಿ ಕೇಂದ್ರಗಳು ಒಂದೇ ಗಾತ್ರ, ಒಂದೇ ಬಣ್ಣ. ಕೆಡತೊಡಗಿದ ಕಡೆ ಅವು ದೊಡ್ಡದಾಗಿ, ಗಾಢವಾಗಿ, ಕ್ರೊಮಾಟಿನ್ ಗಂಟುಗಂಟಾಗಿ ಕಾಣುತ್ತದೆ, ಕೋಶಗಳು ಇಬ್ಭಾಗವಾಗುವುದು ಬುಡದ ಪದರ ಬಿಟ್ಟು ಮೇಲೆಯೂ ಕಾಣತೊಡಗುತ್ತದೆ. ಅದು ಎಷ್ಟು ಪದರಕ್ಕೆ ಏರಿದೆ ಎಂಬುದರ ಮೇಲೆ ಕೋಶಗಳ ಈ ಕೆಡುಕು, ಅಂದರೆ ಡಿಸ್‌ಪ್ಲೇಸಿಯಾ ಸೌಮ್ಯ, ಮಧ್ಯಮ, ತೀವ್ರ ಎಂದು ಬರೆಯುತ್ತೇವೆ. ಬುಡದ ಪೊರೆ ಒಡೆದು ಕೆಳಗಿಳಿದಿದ್ದರೆ ಅದು ಕ್ಯಾನ್ಸರ್. ಹೆಚ್ಚಿನ ಬಿಳಿ ಮಚ್ಚೆಗಳು ಕ್ಯಾನ್ಸರಾಗುವುದಿಲ್ಲ. ನಿಮ್ಮ ಅಪ್ಪನದು ಯಾವ ಬಗೆ ಎಂದು ಬರಿಗಣ್ಣಿನಲ್ಲಿ ನಾನೂ ಹೇಳಲಾರೆ, ವಿಡಿಯೊದವನೂ ಹೇಳಲಾರ.

ಅಪ್ಪನಿಗೆ ಹೀಗೆ ಹೇಳಿ: ಹಲ್ಲು ಕೀಳುವಾಗ ಕೊಡುವಂಥದೇ ಮರಗಟ್ಟಿಸುವ ಇಂಜೆಕ್ಷನ್, ಕೆಲವೇ ಮಿಲಿಮೀಟರಿನ ತುಂಡು, ಒಂದೆರಡು ಹೊಲಿಗೆ, ಅದೇ ದಿನ ಮನೆಗೆ. ತುಂಡನ್ನು ಕೆಂಪು ಕಾಣುವ ಜಾಗದಿಂದ ತೆಗೆಯಲು ಡಾಕ್ಟರಿಗೆ ನೆನಪಿಸಿದರೆ ಅವರು ತಪ್ಪು ತಿಳಿಯಲಾರರು. ವರದಿ ಕೆಟ್ಟದಾಗಿ ಬಂದರೆ ತಲಪಾಡಿ ದಾಟಿ ಮಂಗಳೂರಿಗೆ ಹೋಗಬಹುದು, ತೆಂಕಕ್ಕೆ ತಲಶ್ಶೇರಿಯಲ್ಲಿ ಮಲಬಾರ್ ಕ್ಯಾನ್ಸರ್ ಸೆಂಟರ್ ಉಂಟು. ಮೂರು ತಿಂಗಳಲ್ಲಿ ಎರಡು ಸೆಂಟಿಮೀಟರಿನ ಗಡ್ಡೆ ನಾಲ್ಕಾಗಬಹುದು, ಕುತ್ತಿಗೆಯ ಗ್ರಂಥಿಗೆ ಇಳಿಯಬಹುದು. ಆಗ ಕೆನ್ನೆಯ ಜೊತೆ ದವಡೆಯ ಎಲುಬನ್ನೂ ತೆಗೆಯಬೇಕಾಗಿ ಬರುತ್ತದೆ. ಎರಡು ವಾರದಲ್ಲಿ ಗುಣವಾಗದ ಹುಣ್ಣನ್ನು ತೋರಿಸಿ ಎಂದು ಪುಸ್ತಕಗಳು ಹೇಳುತ್ತವೆ. ಎಲೆ ತಿನ್ನುವವರಿಗೆ ನಾನು ಅಷ್ಟು ದಿನವನ್ನೂ ಕೊಡುವುದಿಲ್ಲ. ನನ್ನ ಎಚ್ಚರಿಕೆ ಅತಿಯಾಯಿತು ಎನ್ನುವ ಸಹೋದ್ಯೋಗಿಗಳಿದ್ದಾರೆ, ಇರಲಿ.

ಪ್ರಶ್ನೆ: ಹೊಗೆಸೊಪ್ಪು ಇಲ್ಲದೆ ಬರೀ ಅಡಿಕೆ, ವೀಳ್ಯದೆಲೆ, ಸುಣ್ಣ ತಿಂದರೆ ದೋಷವಿಲ್ಲವಲ್ಲ? ನಮ್ಮದು ಮನೆಯ ತೋಟದ, ಏನೂ ಬೆರೆಸದ ಅಡಿಕೆ. (ನೀರ್ಚಾಲು)

ದೋಷ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು, ತಂಬಾಕು ಇಲ್ಲದ ಎಲೆಯಡಿಕೆಯನ್ನೂ ಸೇರಿಸಿ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗದಲ್ಲಿ ಇಟ್ಟಿದೆ. ಬೆರಕೆಯಲ್ಲಿ ದೋಷ ಹುಡುಕಬೇಡಿ, ಕೆಡುಕು ಮಾಡುವ ಅರೆಕೋಲಿನ್ ಎಂಬ ರಾಸಾಯನಿಕ ಅಡಿಕೆಯೊಳಗೇ ಇದೆ. ಸುಣ್ಣ ಸೇರಿದಾಗ ಅಡಿಕೆಯ ಚೊಗರು ಬಾಯಿಯಲ್ಲೇ ಉತ್ಕರ್ಷಣಗೊಂಡು ಡಿಎನ್‌ಎಗೆ ಹಾನಿ ಮಾಡುವ ಕಣಗಳನ್ನು ಹುಟ್ಟಿಸುತ್ತದೆ. ಕೆನ್ನೆ ಹುರಿಯಂತೆ ಗಟ್ಟಿಯಾಗಿ ಬಾಯಿ ತೆರೆಯಲಾಗದ ಸಬ್‌ಮ್ಯೂಕಸ್ ಫೈಬ್ರೋಸಿಸ್ ಬರುವುದು ಮುಖ್ಯವಾಗಿ ಅಡಿಕೆಯಿಂದ, ಅದು ಕ್ಯಾನ್ಸರಿನ ಮುನ್ಸ್ಥಿತಿ. 2022ರಲ್ಲಿ ಪ್ರಪಂಚದಲ್ಲಿ ಆದ ಸುಮಾರು 3,89,800 ಬಾಯಿ ಕ್ಯಾನ್ಸರುಗಳಲ್ಲಿ 1,20,200 ಅಡಿಕೆ ಮತ್ತು ಜಗಿಯುವ ತಂಬಾಕಿನಿಂದ ಬಂದವು ಎಂದು ಅದೇ ಸಂಸ್ಥೆ ಅಂದಾಜಿಸಿದೆ. ಅವುಗಳಲ್ಲಿ 83,400 ನಮ್ಮ ದೇಶದವು. ನಮ್ಮ ಮನೆಯದೂ ಅಡಿಕೆ ತೋಟವೇ. ಬೆಲೆ ಬಿದ್ದಾಗ, ಹಳದಿರೋಗ ಬಂದಾಗ ಕೃಷಿಕರ ಮನೆಯಲ್ಲಿ ಏನಾಗುತ್ತದೆ ಎಂದು ನನಗೆ ಗೊತ್ತು. ಅದಕ್ಕಾಗಿ ರೋಗಿಗೆ ಸುಳ್ಳು ಹೇಳಲಾರೆ.

ಪ್ರಶ್ನೆ: ನಮ್ಮ ಊರಿನಲ್ಲಿ ಬಾಯಿ ಕ್ಯಾನ್ಸರ್ ಬರುವುದು ಎಂಡೋಸಲ್ಫಾನಿನಿಂದ ಅಲ್ಲವೇ? (ಎಣ್ಮಕಜೆ)

ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ಕೀಟನಾಶಕ ವಿಷ ಸುರಿದದ್ದು ಘೋರ ಅನ್ಯಾಯ. ಅದರಿಂದ ನರಳಿದವರಿಗೆ ಪರಿಹಾರ ಸಿಗಲೇಬೇಕು. ಹಾಗೆಂದು ಹೊಗೆಸೊಪ್ಪು ಇಡುತ್ತಿದ್ದ ಜಾಗದಲ್ಲೇ ಹುಣ್ಣಾದ ಕೆನ್ನೆಗೆ ಬೇರೆ ಕಾರಣ ಹುಡುಕಬೇಡಿ. ಹುಡುಕುತ್ತ ಕೂತರೆ ಮಗನೂ ಅದೇ ಜಾಗದಲ್ಲಿ ಹೊಗೆಸೊಪ್ಪು ಇಟ್ಟುಕೊಳ್ಳುತ್ತಾನೆ.

ಪ್ರಶ್ನೆ: ಬಾಯಿ ಕ್ಯಾನ್ಸರನ್ನು ಮೊದಲೇ ತಿಳಿಯುವ ಜೀನ್ ಟೆಸ್ಟ್ ಎಲ್ಲಿ ಮಾಡುತ್ತಾರೆ? ಎಷ್ಟು ಖರ್ಚಾದರೂ ಸರಿ. (ಮಂಜೇಶ್ವರ)

ಹಣ ಇಟ್ಟುಕೊಳ್ಳಿ. 1996ರಲ್ಲಿ ತಿರುವನಂತಪುರದ ಸುತ್ತಿನ 13 ಪಂಚಾಯತುಗಳಲ್ಲಿ ಶುರುವಾದ ಅಧ್ಯಯನದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಬೆಳಕು ಹಿಡಿದು ಜನರ ಬಾಯಿ ನೋಡಿದರು, ಅಷ್ಟೇ. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು 34 ಶೇಕಡಾ ಕಡಿಮೆಯಾಯಿತು, 2005ರಲ್ಲಿ ಅದು ಪ್ರಕಟವಾಯಿತು. ನಿಮ್ಮ ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋಗಿ ಬಾಯಿ ತೆರೆದು ತೋರಿಸಿ.

ಪ್ರಶ್ನೆ: ಅಮ್ಮನ ಕೆನ್ನೆಯ ಕ್ಯಾನ್ಸರಿನ ವರದಿಯಲ್ಲಿ ‘ಪಿ16 ನೆಗೆಟಿವ್’ ಎಂದು ಬರೆದಿದ್ದಾರೆ. ಒಳ್ಳೆಯದೋ ಕೆಟ್ಟದೋ? (ಮುಳ್ಳೇರಿಯ)

ಟಾನ್ಸಿಲ್, ನಾಲಗೆಯ ಬುಡದ ಕ್ಯಾನ್ಸರುಗಳಲ್ಲಿ ಎಚ್‌ಪಿವಿ ವೈರಸ್ಸಿನ ಪಾತ್ರ ಅರಿಯಲು ಆ ಪರೀಕ್ಷೆ ಬೇಕು. ಕೆನ್ನೆಯ ಕ್ಯಾನ್ಸರಿನ ಚಿಕಿತ್ಸೆ ಅದರಿಂದ ಬದಲಾಗುವುದಿಲ್ಲ, ಆ ಸಾಲನ್ನು ಬಿಟ್ಟುಬಿಡಿ. ಅದೇ ವರದಿಯಲ್ಲಿ ಗಡ್ಡೆ ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ, ಕತ್ತರಿಸಿದ ಅಂಚಿನಲ್ಲಿ ಎಷ್ಟು ಮಿಲಿಮೀಟರ್ ಆರೋಗ್ಯವಂತ ಭಾಗ ಉಳಿದಿದೆ, ಕುತ್ತಿಗೆಯ ಎಷ್ಟು ಗ್ರಂಥಿಗಳಲ್ಲಿ ಕ್ಯಾನ್ಸರ್ ಇದೆ ಎಂದು ಬರೆದಿರುತ್ತಾರೆ. ಆ ಮೂರನ್ನು ಗುರುತು ಹಾಕಿಕೊಂಡು ಹೋಗಿ ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರನ್ನು ಕೇಳಿ. ಅಂಚಿನಲ್ಲಿ 5 ಮಿಲಿಮೀಟರಿಗಿಂತ ಕಡಿಮೆ ಎಂದಿದ್ದರೆ ಮುಂದಿನ ಭೇಟಿಯ ದಿನಕ್ಕೆ ಕಾಯದೆ ಹೋಗಿ.